ಹೊಗೆ ಪೈಪ್ ಬ್ರಷ್ ಸೆಟ್: ಬ್ರಷ್ ಚಿನ್ನ, ಗುಂಡಿಗೆ ಮಾತ್ರ ತುಕ್ಕು

ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸುವ ಬ್ರಷ್ ಸೆಟ್ ಇದು. ಒಂದಕ್ಕೊಂದು ಜೋಡಿಸುವ, ಬಾಗುವ ರಾಡುಗಳು. ತುದಿಗೆ ನೈಲಾನ್ ದಾರದ ತಲೆ. ಉದ್ದ, ತೂಕ, ಬಣ್ಣ ಎಲ್ಲ ಮಾರುವವರ ಫೋಟೊದಲ್ಲೇ ಇದೆ, ಅದನ್ನು ಮತ್ತೆ ಬರೆಯುವುದಿಲ್ಲ. ನಾನು ಬರೆಯಲು ಕೂತಿದ್ದೇ ಆ ರಾಡುಗಳನ್ನು ಹಿಡಿದಿಡುವ ಸ್ಪ್ರಿಂಗ್ ಗುಂಡಿಯ ಮೇಲಿನ ಸಿಟ್ಟಿಗೆ. ಆದರೆ ಈ ಸಾಮಾನು ಯಾರಿಗೆ ಬೇಕು ಅನ್ನುವುದನ್ನು ಮೊದಲು ಹೇಳಬೇಕು. ಬೆಂಗಳೂರಿನ ನೆಂಟರಿಗೆ ತೋರಿಸಿದರೆ "ಅಡುಗೆಮನೆ ಚಿಮಣಿಗಾ?" ಅಂತಲೇ ಕೇಳುತ್ತಾರೆ.

ಅದಕ್ಕಲ್ಲ. ಬಚ್ಚಲೊಲೆಗೆ.

ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದ ಕಡೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಆಶ್ಲೇಷ ಮುಗಿಯುವ ತನಕ ಬಿಸಿಲನ್ನು ನಂಬಿ ಏನೂ ಮಾಡುವ ಹಾಗಿಲ್ಲ. ಸೋಲಾರ್ ಮಾಡಿನ ಮೇಲೆ ಸುಮ್ನೆ ಕೂತಿರುತ್ತದೆ. ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಸಿಲಿಂಡರ್ ಅಡುಗೆಗೇ ಸಾಲದು. ತೋಟದಲ್ಲಿ ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದಾಗ, ಬಿದ್ದ ಸಿಲ್ವರ್ ಓಕ್ ಕೊಂಬೆ, ಕಿತ್ತ ಹಳೇ ಕಾಫಿ ಗಿಡದ ಬೊಡ್ಡೆ, ಅಡಿಕೆ ಸೋಗೆ ಎಲ್ಲ ಬಿಟ್ಟಿಯಾಗಿ ಇರುವಾಗ ದುಡ್ಡು ಕೊಟ್ಟು ನೀರು ಕಾಯಿಸುವುದು ನಮ್ಮ ಅತ್ತೆಗೆ ಒಪ್ಪುವ ಮಾತೇ ಅಲ್ಲ. ನನಗೂ ಅಷ್ಟೇ. ಹಂಡೆ ಸ್ನಾನ ಮಾಡಿದವರಿಗೆ ಗೀಸರ್ ನೀರು ರುಚಿಸುವುದಿಲ್ಲ.

ಮನೆ ರಿಪೇರಿ ಮಾಡಿಸಿದಾಗ ಬಚ್ಚಲೊಲೆಗೆ ಸ್ಟೀಲ್ ಪೈಪ್ ಹಾಕಿಸಿದೆವು. ಒಲೆಯಿಂದ ಹೊರಟು, ಹಂಚು ದಾಟಿ, ಮೇಲೆ ಟೋಪಿ. ಕೆಳಗಡೆ ಮಸಿ ತೆಗೆಯಲು ಮುಚ್ಚಳ ಇರುವ ಒಂದು ಸಣ್ಣ ಬಾಯಿ. ಬೇಸಿಗೆಯಲ್ಲಿ ಇದರ ಹಾಗೆ ಒಳ್ಳೆಯದು ಇನ್ನೊಂದಿಲ್ಲ. ತೊಂದರೆ ಎಲ್ಲ ಮಳೆಗಾಲದ್ದು. ಹಸಿ ಸೌದೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಬೆಂಕಿಯ ಶಕ್ತಿಯಲ್ಲಿ ಒಂದು ಪಾಲು ಸೌದೆಯ ನೀರು ಒಣಗಿಸುವುದಕ್ಕೇ ಹೋಗುತ್ತದೆ. ಹೊರಗೆ ಥಂಡಿ, ಪೈಪು ತಣ್ಣಗೆ. ಪೈಪಿನೊಳಗೆ ಹೊಗೆಯ ಬಿಸಿ ಸುಮಾರು 120 ಡಿಗ್ರಿಗಿಂತ ಕೆಳಗಿಳಿದರೆ ಅದರಲ್ಲಿರುವ ಟಾರು, ನೀರಾವಿ ಎಲ್ಲ ಪೈಪಿನ ಒಳಮೈಗೆ ಕೂರುತ್ತದೆ. ಇದಕ್ಕೆ ಕ್ರಿಯೋಸೋಟ್ ಅನ್ನುತ್ತಾರೆ. ಮೊದಲು ಒಣ ಮಸಿ. ಬಿಟ್ಟರೆ ಹಪ್ಪಳದ ಹಾಗೆ ಚಕ್ಕೆ. ಇನ್ನೂ ಬಿಟ್ಟರೆ ಪಾಲಿಶ್ ಹೊಡೆದಂತೆ ಹೊಳೆಯುವ ಕಪ್ಪು ಪದರ. ಆ ಕೊನೆಯದು ಬಂದರೆ ಯಾವ ಬ್ರಷ್ಷಿಗೂ ಜಗ್ಗುವುದಿಲ್ಲ, ಮತ್ತೆ ಅದು ಬೆಂಕಿ ಹಿಡಿಯುವ ವಸ್ತು. ಪೈಪಿನೊಳಗೇ ಬೆಂಕಿ ಹತ್ತಿದರೆ ಹಂಚಿನ ಕೆಳಗಿರುವ ಮರದ ಪಕಾಸು, ರೀಪುಗಳ ಗತಿ ಏನು ಅಂತ ಯೋಚಿಸಿ. ಹೊರದೇಶಗಳಲ್ಲಿ ಚಿಮಣಿ ಕೆಲಸದವರು 3 ಮಿಲಿಮೀಟರ್ ದಪ್ಪಕ್ಕೆ ಕಟ್ಟಿದರೆ ತೆಗೆಯಲೇಬೇಕು ಅನ್ನುತ್ತಾರೆ.

ಇಷ್ಟು ದಿನ ತೆಗೆಯುತ್ತಿದ್ದವರು ಯಾರು? ನಮ್ಮ ತೋಟಕ್ಕೆ ಮರ ಹತ್ತಲು ಬರುವ ಹುಡುಗ. ಮಾಡು ಹತ್ತಿ, ಟೋಪಿ ಕಿತ್ತು, ಹಗ್ಗದ ತುದಿಗೆ ಕಲ್ಲು ಮತ್ತು ಗೋಣಿ ಕಟ್ಟಿ ಇಳಿಸಿ ಎಳೆಯುತ್ತಿದ್ದ. ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಮಾರ್ಚಿನಲ್ಲಿ. ಪೈಪ್ ಕಟ್ಟುವುದು ಜುಲೈಯಲ್ಲಿ, ಅಲ್ವಾ? ಆಗ ಕರೆದರೆ, "ಅಕ್ಕಾ, ಹಂಚಿನ ಮೇಲೆ ಪಾಚಿ ನೋಡಿದ್ರಾ? ನಾನಂತೂ ಹತ್ತಲ್ಲ. ದೀಪಾವಳಿ ಕಳೀಲಿ" ಅನ್ನುತ್ತಿದ್ದ. ಅವನು ಹೇಳುವುದು ಸರಿಯೇ. ಆದರೆ ದೀಪಾವಳಿ ತನಕ ಬಚ್ಚಲಲ್ಲಿ ಕಣ್ಣು ಉಜ್ಜಿಕೊಂಡು ಕೂರುವವರು ನಾವು.

ಈ ಸೆಟ್ ತರಿಸಿದ್ದು ಒಂದೇ ಕಾರಣಕ್ಕೆ: ಕೆಳಗಿನಿಂದಲೇ ಕೆಲಸ ಆಗುತ್ತದೆ. ಬೆಲೆ ಎರಡೂವರೆ ಸಾವಿರದ ಆಸುಪಾಸು. ಅತ್ತೆಗೆ ಬೆಲೆ ಹೇಳಲಿಲ್ಲ.

ಮೊದಲ ಸಲ ಉಪಯೋಗಿಸಿದಾಗ ಆದ ಖುಷಿಯನ್ನು ಬಿಡುವ ಹಾಗಿಲ್ಲ. ಬೂದಿ ತೆಗೆದು, ಒಲೆಯ ಬಾಯಿಗೆ ಒದ್ದೆ ಗೋಣಿ ಮುಚ್ಚಿ, ಪೈಪಿನ ಕೆಳಬಾಯಿಗೆ ಹಳೇ ಗೊಬ್ಬರದ ಚೀಲ ಕಟ್ಟಿ, ಚೀಲದಲ್ಲೊಂದು ತೂತು ಮಾಡಿ ರಾಡ್ ತೂರಿಸಿದೆ. ಡ್ರಿಲ್ ಒತ್ತಿದ ತಕ್ಷಣ ಪೈಪಿನೊಳಗೆ ಜೋರು ಮಳೆ ಬಿದ್ದ ಹಾಗೆ ಸದ್ದು. ಮಸಿ ದಬದಬನೆ ಚೀಲಕ್ಕೆ ಇಳಿಯಿತು. ಒಂದು ರಾಡ್ ಒಳಗೆ ಹೋದ ಮೇಲೆ ಇನ್ನೊಂದು, ಆಮೇಲೆ ಇನ್ನೊಂದು. ತಲೆ ಟೋಪಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಹೊರಗೆ ಪುನರ್ವಸು ಸುರಿಯುತ್ತಿತ್ತು, ನಾನು ಒಳಗೆ ಬೆಚ್ಚಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದೆ.

ಮರುದಿನ ಬೆಳಿಗ್ಗೆ ಒಲೆ ಹಚ್ಚಿದ್ದು ನಾನೇ, ಬೇಕಂತಲೇ. ನಮ್ಮಲ್ಲೊಂದು ಕ್ರಮ ಇದೆ. ಮಳೆಗಾಲದಲ್ಲಿ ರಾತ್ರಿಯಿಡೀ ತಣ್ಣಗಾದ ಪೈಪಿನಲ್ಲಿ ಥಂಡಿ ಗಾಳಿ ಕೂತಿರುತ್ತದೆ, ಅದು ಹೊಗೆಯನ್ನು ಮೇಲೆ ಬಿಡುವುದಿಲ್ಲ. ಅದಕ್ಕೇ ಮೊದಲು ಸೌದೆಗೆ ಕೈ ಹಾಕುವುದಿಲ್ಲ. ಕೆಳಬಾಯಿಯ ಮುಚ್ಚಳ ತೆಗೆದು, ಒಣಗಿದ ಅಡಿಕೆ ಸೋಗೆಯ ಒಂದು ಹಿಡಿ ಸುತ್ತಿ, ಹಚ್ಚಿ ಪೈಪಿನೊಳಗೆ ಹಿಡಿಯುತ್ತೇವೆ. ಪೈಪ್ ಬಿಸಿಯಾದ ಕೂಡಲೇ ಉರಿ ತಾನಾಗಿ ಮೇಲಕ್ಕೆ ವಾಲುತ್ತದೆ. ಆಗ ಮುಚ್ಚಳ ಹಾಕಿ ಒಲೆಗೆ ಬೆಂಕಿ. ಆವತ್ತು ಸೋಗೆ ಹಿಡಿದದ್ದೇ ತಡ, ಉರಿಯನ್ನು ಕೈಯಿಂದ ಕಿತ್ತುಕೊಂಡ ಹಾಗೆ ಎಳೆಯಿತು. ಹಂಡೆ ಕಾದದ್ದೂ ಬೇಗ. ಅತ್ತೆ ಸ್ನಾನ ಮುಗಿಸಿ ಬಂದು, "ಏನೇ ಮಾಡ್ದೆ, ಇವತ್ತು ಕೆಮ್ಮೇ ಬರ್ಲಿಲ್ಲ" ಅಂದರು.

ಇನ್ನು ಸಿಟ್ಟಿನ ವಿಷಯ.

ಸ್ಕ್ರೂ ಇರುವ ರಾಡುಗಳೂ ಸಿಗುತ್ತವೆ. ಅವನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಂಡು ತಲೆ ಪೈಪಿನಲ್ಲೇ ಉಳಿಯುತ್ತದೆ ಅಂತ ಓದಿ ಗುಂಡಿಯದ್ದನ್ನು ಆರಿಸಿದ್ದೆ. ಪ್ರತಿ ರಾಡಿನ ತುದಿಯಲ್ಲಿ ಕಾಳುಮೆಣಸಿನಷ್ಟು ಗಾತ್ರದ ಗುಂಡಿ. ಒತ್ತಿ ತೂರಿಸಿದರೆ ಆಚೆ ರಾಡಿನ ತೂತಿನಲ್ಲಿ ಟಕ್ ಅಂತ ಕೂರುತ್ತದೆ. ಹೊಸದರಲ್ಲಿ ಬೆಣ್ಣೆ. ಒಂದು ಮಳೆಗಾಲ ಕಳೆದ ಮೇಲೆ ಗುಂಡಿಯ ಸುತ್ತ ಕೆಂಪು ತುಕ್ಕು ಕಂಡಿತು. ಮಸಿ ಒದ್ದೆಯಾದರೆ ಹುಳಿ, ಕಬ್ಬಿಣ ತಿನ್ನುತ್ತದೆ. ಅದರ ಮೇಲೆ ಟಾರಿನ ಜಿಡ್ಡು. ಜೋಡಿಸುವಾಗ ಕೂರುವ ಗುಂಡಿ, ಬಿಚ್ಚುವಾಗ ಒಳಗೆ ಹೋಗುವುದೇ ಇಲ್ಲ. ಬಚ್ಚಲುಮನೆ ಎಷ್ಟು ದೊಡ್ಡದಿರುತ್ತದೆ ಹೇಳಿ? ರಾಡುಗಳನ್ನು ಒಂದೊಂದೇ ಬಿಚ್ಚುತ್ತಾ ಹೊರಗೆ ತೆಗೆಯಬೇಕು. ಅರ್ಧ ಎಳೆದ ರಾಡ್ ಎದುರು ಗೋಡೆಗೆ ತಾಗಿ ನಿಲ್ಲುತ್ತದೆ, ಗುಂಡಿ ಅಲ್ಲಾಡುವುದಿಲ್ಲ, ಕೈಯೆಲ್ಲ ಕಪ್ಪು, ಹೆಬ್ಬೆರಳು ಜಾರುತ್ತದೆ. ಒಮ್ಮೆ ಇಡೀ ಸರವನ್ನು ಬಗ್ಗಿಸಿ ಬಾಗಿಲಿನಿಂದ ಅಂಗಳಕ್ಕೆ ಎಳೆದು, ಮಳೆಯಲ್ಲೇ ನಿಂತು ಇಕ್ಕಳದಲ್ಲಿ ಬಿಚ್ಚಿದ್ದಾಯಿತು.

ಇಷ್ಟು ದುಡ್ಡು ತಗೊಳ್ಳುವವರು ಆ ಪುಟ್ಟ ಗುಂಡಿಯನ್ನು ತುಕ್ಕು ಹಿಡಿಯದ ಸ್ಟೀಲಿನಲ್ಲಿ ಮಾಡಬಾರದಾ? ಮಾರಿದವರಿಗೆ ಫೋಟೊ ಕಳಿಸಿದೆ. ಒಣ ಜಾಗದಲ್ಲಿಡಿ ಅನ್ನುವ ಉತ್ತರ ಬಂತು. ಜುಲೈಯಲ್ಲಿ ನಮ್ಮೂರಲ್ಲಿ ಒಣ ಜಾಗ! ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೇ ಬೂಸ್ಟು ಬರುತ್ತದೆ. ಸೆಟ್ ಜತೆಗೆ ಬಂದ ಕಾಗದದಲ್ಲಿ ವರ್ಷಕ್ಕೊಂದು ಸಲ ಉಪಯೋಗಿಸಿ ಅಂತ ಇದೆ. ಚಳಿಗಾಲದಲ್ಲಿ ಮಾತ್ರ ಒಣ ಸೌದೆ ಉರಿಸುವ ಊರಿಗೆ ಅದು ಸಾಕು. ಒದ್ದೆ ಸೌದೆ, ದಿನಾ ಎರಡು ಹೊತ್ತು ಒಲೆ ಅಂದರೆ ನಮಗೆ ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಬೇಕು. ನಾನು ಲೆಕ್ಕ ನೋಡುವುದಿಲ್ಲ, ಪೈಪಿಗೆ ಸೌದೆ ತುಂಡಿನಿಂದ ಬಡಿಯುತ್ತೇನೆ. ಟಣ್ ಅಂದರೆ ಸರಿ. ದಪ್ ಅಂದರೆ ಬ್ರಷ್ ತೆಗೆಯುವ ಹೊತ್ತು.

ಗುಂಡಿಗೆ ಈಗ ಮಾಡುತ್ತಿರುವುದು ಇಷ್ಟು: ಕೆಲಸ ಆದ ಕೂಡಲೇ ಬಿಸಿನೀರು ಸೋಪಿನಲ್ಲಿ ತೊಳೆದು, ಒರೆಸಿ, ಸ್ವಲ್ಪ ಗ್ರೀಸ್ ಹಚ್ಚಿ, ಹಂಡೆಯ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗುವ ಜಾಗದ ಪಕ್ಕ ಇಡುವುದು. ಬೆಂಕಿಯಿಂದ ದೂರ, ಆದರೆ ಬೆಚ್ಚಗೆ. ಸ್ವಲ್ಪ ಮೇಲು. ಪೂರ್ತಿ ಗೆದ್ದಿಲ್ಲ.

ಡ್ರಿಲ್ ವಿಷಯಕ್ಕೂ ಒಂದು ಮಾತು. ವೈರ್ ಇರುವ ಡ್ರಿಲ್ ನಮ್ಮ ಕಡೆ ಮಳೆಗಾಲದಲ್ಲಿ ಆಟದ ಸಾಮಾನು, ಕರೆಂಟೇ ಇಲ್ಲವಲ್ಲ. ಒದ್ದೆ ಬಚ್ಚಲಲ್ಲಿ ವೈರ್ ಎಳೆದಾಡುವುದೂ ಅಪಾಯ. ಬ್ಯಾಟರಿಯದ್ದು ಬೇಕು. ಅದಿಲ್ಲದಿದ್ದರೆ ಈ ಸೆಟ್ಟಿನ ಬೆಲೆಗೆ ಡ್ರಿಲ್ಲಿನ ಬೆಲೆಯನ್ನೂ ಸೇರಿಸಿ ಯೋಚಿಸಿ. ನಮ್ಮ ಮನೆಯಲ್ಲಿಲ್ಲ, ಪಕ್ಕದ ತೋಟದ ಮನೆಯಿಂದ ತರುತ್ತೇನೆ.

ನನ್ನ ಮನಸ್ಸು ಸ್ವಲ್ಪ ಮೆತ್ತಗಾದದ್ದು ನೈಲಾನ್ ದಾರದಿಂದ. ದಾರ ಸವೆಯುತ್ತದೆ, ಅದು ಅದರ ಗುಣ. ಹೊಸ ತಲೆಯ ಬೆಲೆ ನೋಡಿದರೆ ಅರ್ಧ ಸೆಟ್ ಬರುತ್ತದೆ. ಬಿಸಾಡಬೇಕು ಅಂತಿರುವಾಗ ತೋಟದಲ್ಲಿ ಹುಲ್ಲು ಹೊಡೆಯುವ ಮಷೀನಿನ ದಾರ ಕಣ್ಣಿಗೆ ಬಿತ್ತು. 3 ಮಿಲಿಮೀಟರಿನದು, ಉರುಟು. ತಲೆಯ ತೂತಿಗೆ ಅಳತೆ ಮಾಡಿದ ಹಾಗೆ ಕೂತಿತು. ಮೂಡಿಗೆರೆಯ ಕೃಷಿ ಸಾಮಾನಿನ ಅಂಗಡಿಗಳಲ್ಲಿ ಸುರುಳಿಗಟ್ಟಲೆ ಸಿಗುತ್ತದೆ. ಪೈಪಿನ ಅಗಲಕ್ಕಿಂತ ಒಂದಿಷ್ಟು ಜಾಸ್ತಿ ಉದ್ದ ಬಿಟ್ಟು ಕತ್ತರಿಸಿದರೆ ಸಾಕು. ಈಗ ತಲೆಗೆ ಖರ್ಚು ಅಂತ ಇಲ್ಲವೇ ಇಲ್ಲ.

ತರಿಸುವವರು ಎರಡು ಸಂಗತಿ ನೋಡಿಕೊಳ್ಳಿ. ಸ್ಟೀಲ್ ಪೈಪಿಗೆ ತಂತಿ ಬ್ರಷ್ ಹಾಕಬೇಡಿ, ಗೀರಿದಲ್ಲೆಲ್ಲ ತುಕ್ಕಿಗೆ ದಾರಿ. ನೈಲಾನೇ ಸರಿ. ಇನ್ನೊಂದು, ಹಳೇ ಮನೆಗಳಲ್ಲಿ ಅಸ್ತ್ರ ಒಲೆಯ ಕಾಲದ ಸಿಮೆಂಟ್ ಶೀಟಿನಂಥ ಪೈಪ್ ಇನ್ನೂ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದವರು ರೂಪಿಸಿದ ಒಲೆ ಅದು. ಸೌದೆ ಉಳಿಸುತ್ತದೆ, ಹೊಗೆಯನ್ನು ಮನೆಯಿಂದಾಚೆ ಹಾಕುತ್ತದೆ. ನಮ್ಮ ಹಳೇ ಅಡುಗೆಮನೆಯಲ್ಲಿ ಈಗಲೂ ಇದೆ. ಒಲೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಪೈಪುಗಳಲ್ಲಿ ಹೆಚ್ಚಿನವು ಕಲ್ನಾರಿನವು, ಡ್ರಿಲ್ ಹಾಕಿ ಕೆರೆದರೆ ಅದರ ಧೂಳು ಶ್ವಾಸಕೋಶಕ್ಕೆ ವಿಷ. ಅಲ್ಲಿಗೆ ಈ ಸೆಟ್ ಬೇಡವೇ ಬೇಡ, ಪೈಪನ್ನೇ ಬದಲಾಯಿಸಿ.

ಪೈಪ್ ಕಟ್ಟಿದ್ದು ತಿಳಿದೂ ಬಾಗಿಲು ಹಾಕಿಕೊಂಡು ಸ್ನಾನ ಮಾಡುವವರಿದ್ದಾರೆ, ಚಳಿ ಅಂತ. ಹೊಗೆ ಕಂಡರೆ ಕೆಮ್ಮಿ ಹೊರಗೆ ಬರುತ್ತೀರಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರುವುದಿಲ್ಲ. ಮೇಲಿನ ಒಂದು ಕಿಟಕಿ ಯಾವಾಗಲೂ ತೆರೆದಿರಲಿ.

ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಕಳೆದದ್ದು ಪೂರ್ತಿ ಗುಂಡಿಯದ್ದು. ಸದ್ಯ ಸೆಟ್ ಪಕ್ಕದ ತೋಟದ ಮನೆಯಲ್ಲಿದೆ, ಅವರ ಡ್ರಿಲ್ ನಮ್ಮಲ್ಲಿದೆ. ವಾಪಸ್ ಕೊಡುವ ಮೊದಲು ತೊಳೆದು ಗ್ರೀಸ್ ಹಚ್ಚಿ ಅಂತ ಹೇಳಿಯೇ ಕೊಟ್ಟಿದ್ದೇನೆ. ಹಚ್ಚದೆ ತಂದರೆ ಡ್ರಿಲ್ ಕೊಡುವುದಿಲ್ಲ.