ವಕೀಲರ ಮೇಲಿನ ದೂರನ್ನೂ ಬರೆದುಕೊಡುವ ಕೋಲಾರದ ಟೈಪಿಂಗ್ ಅಂಗಡಿ

ಕೋಲಾರದ ನ್ಯಾಯಾಲಯದ ಆಸುಪಾಸಿನಲ್ಲಿ ಟೈಪಿಂಗ್, ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ಬಾಡಿಗೆ ಕರಾರು, ಪ್ರಮಾಣಪತ್ರ, ಪಹಣಿ ತಿದ್ದುಪಡಿ ಅರ್ಜಿ ಎಲ್ಲವನ್ನೂ ಎಲ್ಲರೂ ಮಾಡಿಕೊಡುತ್ತಾರೆ. ವಕೀಲರೊಬ್ಬರ ಮೇಲೆ ರಾಜ್ಯ ವಕೀಲರ ಪರಿಷತ್ತಿಗೆ (ಬಾರ್ ಕೌನ್ಸಿಲ್) ದೂರು ಬರೆಯಬೇಕು ಎಂದ ಕೂಡಲೇ ಮಾತ್ರ ಕಂಪ್ಯೂಟರ್ ಕೆಡುತ್ತದೆ, ಹುಡುಗ ರಜೆಯ ಮೇಲಿರುತ್ತಾನೆ. ದಿನವೂ ಕೆಲಸ ತರುವವರು ಕರಿಕೋಟಿನವರೇ ಆದ್ದರಿಂದ ಅವರ ಅಳುಕು ನನಗೆ ಅರ್ಥವಾಗುತ್ತದೆ. ಅದೇ ಸಾಲಿನ ಒಂದು ಕಿರಿದಾದ ಅಂಗಡಿಯವರು ಅಳುಕದೆ ಬರೆದುಕೊಟ್ಟರು. ಅವರಿಗೆ ತೊಂದರೆಯಾಗಬಾರದೆಂದು ಅಂಗಡಿಯ ಹೆಸರು ಹಾಕುತ್ತಿಲ್ಲ.

ಕೆಲಸ ಇದ್ದದ್ದು ನನ್ನ ಅಕ್ಕನದು. ತೀರಿಕೊಂಡ ಭಾವನ ಪಾಲಿಗೆ ಬರಬೇಕಾದ ಮಾವಿನ ತೋಪಿಗಾಗಿ ಪಾಲು ದಾವೆ ಹೂಡಲು ಆಕೆ ವಕೀಲರಿಗೆ ಶುಲ್ಕವನ್ನೂ ನ್ಯಾಯಾಲಯದ ಖರ್ಚಿನ ಹಣವನ್ನೂ ಕೊಟ್ಟಿದ್ದಳು. ಪ್ರತಿ ಬಾರಿ "ವಾಯಿದೆ ಬಿದ್ದಿದೆ" ಎಂಬ ಉತ್ತರ ಬರುತ್ತಿತ್ತು. ವಿಸಿಟಿಂಗ್ ಕಾರ್ಡಿನ ಹಿಂದೆ ಬರೆದುಕೊಟ್ಟಿದ್ದ ಪ್ರಕರಣದ ಸಂಖ್ಯೆಯನ್ನು ಅಂಗಡಿಯ ಮಾಲೀಕರು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿದರು. ಅದು ಬೇರೆ ಯಾರದೋ ಪ್ರಕರಣ. ಅಕ್ಕನ ಹೆಸರಿನಲ್ಲಿ ದಾವೆಯೇ ಇರಲಿಲ್ಲ.

ಮಾಲೀಕರು ಹಿರಿಯರು, ನ್ಯಾಯಾಲಯದಲ್ಲಿ ಬೆರಳಚ್ಚುಗಾರರಾಗಿ ನಿವೃತ್ತರಾದವರು. ನಮ್ಮ ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು; ಅಕ್ಕ ತೆಲುಗಿನಲ್ಲೇ ಅಳುತ್ತಾ ಹೇಳಿದಳು, ಅವರು ಕೇಳುತ್ತಾ ಕನ್ನಡದಲ್ಲಿ ಗುರುತು ಹಾಕಿಕೊಂಡರು. ದೂರು ಇಂಗ್ಲಿಷಿನಲ್ಲೇ ಇರಬೇಕೆಂದು ನಾನು ತಿಳಿದಿದ್ದೆ. ರಾಜ್ಯಭಾಷೆಯಲ್ಲೂ ಕೊಡಬಹುದೆಂದು ನಿಯಮವೇ ಹೇಳುತ್ತದಂತೆ. ಆಕೆ ಓದಿ ತಿಳಿದು ಸಹಿ ಹಾಕುವಂತಾಯಿತು, ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು?

ನನಗೆ ಬಹಳ ಹಿಡಿಸಿದ್ದು ಅವರ ಕತ್ತರಿ. ನಾನು ಬರೆದು ತಂದಿದ್ದ ಕರಡಿನಲ್ಲಿ "ಮೋಸಗಾರ", "ವಿಧವೆಯ ಶಾಪ" ಎಂದೆಲ್ಲ ಇತ್ತು. ಎಲ್ಲವನ್ನೂ ಹೊಡೆದು ಹಾಕಿದರು. "ಅಮ್ಮಾ, ಹಣ ಕೊಟ್ಟದ್ದು ಯಾವತ್ತು? ಕೈಗೆ ಕೊಟ್ಟಿರೋ, ಫೋನಿನಲ್ಲಿ ಕಳಿಸಿದಿರೋ? ಅವರು ಏನೆಂದು ಉತ್ತರಿಸಿದರು? ಅಷ್ಟನ್ನು ಹೇಳಿ ಸಾಕು" ಎಂದರು. ಫೋನ್ ಪೇ ವಿವರ, ವಾಟ್ಸಾಪ್ ಸಂದೇಶಗಳ ಮುದ್ರಿತ ಪ್ರತಿ, ಆ ವಿಸಿಟಿಂಗ್ ಕಾರ್ಡ್, ಇ-ಕೋರ್ಟ್ಸ್ ಪುಟ ಎಲ್ಲಕ್ಕೂ ಅನುಬಂಧದ ಸಂಖ್ಯೆ ಬಿತ್ತು. ಸಾಕ್ಷಿಯಿಲ್ಲದ ಒಂದು ಕಂತನ್ನು ಸಾಕ್ಷಿ ಇರುವವುಗಳ ಜೊತೆಗೇ ಸೇರಿಸಲು ನಾನು ಹಟ ಹಿಡಿದರೂ ಒಪ್ಪದೆ, "ಕೈಯಲ್ಲಿ ಕೊಟ್ಟಿದ್ದು, ರಸೀದಿ ಇಲ್ಲ" ಎಂದು ಇದ್ದದ್ದನ್ನು ಇದ್ದಂತೆ ಬರೆದರು.

ಸುಳ್ಳು ಆಸೆಯನ್ನೂ ತೋರಿಸಲಿಲ್ಲ. 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಪ್ರಕಾರ ಪರಿಷತ್ತಿನ ಶಿಸ್ತು ಸಮಿತಿ ದೂರನ್ನು ವಜಾ ಮಾಡಬಹುದು, ಛೀಮಾರಿ ಹಾಕಬಹುದು, ಇಂತಿಷ್ಟು ಕಾಲ ವಕೀಲಿಕೆಯಿಂದ ಅಮಾನತು ಮಾಡಬಹುದು, ಕೊನೆಗೆ ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಹೋದ ಹಣವನ್ನು ವಸೂಲಿ ಮಾಡಿಕೊಡುವುದು ಅದರ ಕೆಲಸವಲ್ಲ, ಅದಕ್ಕೆ ಬೇರೆ ದಾವೆ ಬೇಕು. ಗ್ರಾಹಕ ಆಯೋಗಕ್ಕೆ ಹೋಗಿ ಎಂದು ಊರಿನವರು ಹೇಳಿದ್ದರು. ವಕೀಲರ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲವೆಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿದೆ. ಆ ತೀರ್ಪು ನನಗೆ ಇಂದಿಗೂ ಬೇಸರ ತರುತ್ತದೆ. ನಾನು ಕಳಪೆ ಬೀಜ ಮಾರಿದರೆ ರೈತ ನನ್ನನ್ನು ಆಯೋಗಕ್ಕೆ ಎಳೆಯಬಹುದು, ಅಕ್ಕನಿಗೆ ಆ ಬಾಗಿಲು ಇಲ್ಲ.

"ಸಮಿತಿಯಲ್ಲಿ ಕೂರುವವರೂ ವಕೀಲರೇ ಅಲ್ಲವೇ ಅಣ್ಣಾ?" ಎಂದು ಅಕ್ಕ ಮಾಲೀಕರನ್ನು ಕೇಳಿದಳು. ಹೌದು, ಮೂವರು ಸದಸ್ಯರಲ್ಲಿ ಇಬ್ಬರು ಪರಿಷತ್ತಿನವರು, ಇನ್ನೊಬ್ಬರು ಕನಿಷ್ಠ 10 ವರ್ಷ ವಕೀಲಿಕೆ ಮಾಡಿದವರು. ತೀರ್ಮಾನ ಒಪ್ಪಿಗೆಯಾಗದಿದ್ದರೆ 60 ದಿನಗಳೊಳಗೆ ಭಾರತೀಯ ವಕೀಲರ ಪರಿಷತ್ತಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಇದೆ. ರಾಜ್ಯದ ಪರಿಷತ್ತಿಗೆ ದೂರು ತಲುಪಿದ ಒಂದು ವರ್ಷದೊಳಗೆ ಇತ್ಯರ್ಥವಾಗದಿದ್ದರೆ ಅದು ಭಾರತೀಯ ಪರಿಷತ್ತಿಗೆ ವರ್ಗವಾಗಬೇಕು. ಆದ್ದರಿಂದಲೇ ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಚೀಟಿಯನ್ನು ನಮ್ಮ ಪ್ರತಿಗೆ ಪಿನ್ ಮಾಡಿಡಲು ಹೇಳಿದರು. ನಡುವೆ ರಾಜಿ ಮಾಡಿಕೊಂಡು ದೂರು ಹಿಂತೆಗೆದುಕೊಂಡರೂ, ಅದೊಂದೇ ಕಾರಣಕ್ಕೆ ವಿಚಾರಣೆ ನಿಲ್ಲುವುದಿಲ್ಲ ಎಂಬ ಎಚ್ಚರಿಕೆಯನ್ನೂ ಕೊಟ್ಟರು.

ಮೂಲ ಕ್ರಯಪತ್ರ ಇನ್ನೂ ಆ ವಕೀಲರ ಬಳಿಯೇ ಇತ್ತು. ಬಾಕಿ ಶುಲ್ಕಕ್ಕಾಗಿ ಕಕ್ಷಿದಾರರ ಕಡತವನ್ನು ವಕೀಲರು ತಡೆಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಅದನ್ನು ಉಲ್ಲೇಖಿಸಿ ಮೊದಲು ಒಂದು ಪತ್ರ ಬರೆಸಿದರು. ಪತ್ರ ತಲುಪಿದ ಮೇಲೆ ಕ್ರಯಪತ್ರ ಕೈಗೆ ಬಂತು. ದೂರು ಈಗ ಪರಿಷತ್ತಿನ ಮುಂದಿದೆ.

ಕೊರತೆಗಳೂ ಇವೆ. ಕೂರಲು ಒಂದೇ ಬೆಂಚು, ವಯಸ್ಸಾದವರು ನಿಂತೇ ಕಾಯಬೇಕು. ಟೈಪ್ ಮಾಡುವ ಹುಡುಗನ ವೇಗ ಹೆಚ್ಚು, ಗಮನ ಕಡಿಮೆ. ಸರ್ವೆ ನಂಬರಿನ ಅಂಕಿಗಳನ್ನು ಅದಲುಬದಲು ಮಾಡಿದ್ದ. ಸಹಿಗೆ ಮುಂಚೆ ಪ್ರತಿ ಸಾಲನ್ನೂ ಓದಿಸಿಕೊಳ್ಳಿ. ಪುಟಕ್ಕೆ 40 ರೂಪಾಯಿ, ತಿದ್ದುಪಡಿಗೆ ಬೇರೆ ದುಡ್ಡಿಲ್ಲ. ದೂರಿನ ಜೊತೆ ಪರಿಷತ್ತಿಗೆ ಕಟ್ಟಬೇಕಾದ ಶುಲ್ಕ ಪ್ರತ್ಯೇಕ.

ಬೆಳಿಗ್ಗೆ ಹೋಗಬೇಡಿ, ವಕೀಲರ ನೂಕುನುಗ್ಗಲು ಇರುತ್ತದೆ ಮತ್ತು ನಿಮ್ಮ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ನಾಲ್ಕು ಗಂಟೆಯ ನಂತರ, ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಬ್ಯಾಂಕಿನ ವಿವರಗಳ ಸಮೇತ ಹೋಗಿ.