5700ಜಿ ತೆಗೆದು 5950ಎಕ್ಸ್ ಹಾಕ್ದೆ, ಒಂದೇ ತುಂಡಿಂದ ಮೂರು ತುಂಡಿಗೆ

ಎರಡೂ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್, ಎರಡರಲ್ಲೂ ಝೆನ್ 3 ವಿನ್ಯಾಸದ ಕೋರೇ (ಕೋರ್ ಅಂದ್ರೆ ಲೆಕ್ಕ ಮಾಡೋ ಘಟಕ), ಚಿಪ್ ಕೂರೋ ಸಾಕೆಟ್ಟೂ ಅದೇ ಎಎಂ4. ಮದರ್‌ಬೋರ್ಡು ರ್‍ಯಾಮು ಯಾವ್ದನ್ನೂ ಮುಟ್ದೆ ಚಿಪ್ ಮಾತ್ರ ಬದಲಾಯಿಸ್ದೆ, ಹಾಗಾಗಿ ಹೋಲ್ಸಿ ನೋಡೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗಲ್ಲ. 5700ಜಿ ಒಂದೇ ಸಿಲಿಕಾನ್ ತುಂಡು, 8 ಕೋರು ಗ್ರಾಫಿಕ್ಸು ಮೆಮೊರಿ ಕಂಟ್ರೋಲರ್ರು ಎಲ್ಲಾ ಅದ್ರೊಳಗೇ. 5950ಎಕ್ಸ್‌ನ ಮುಚ್ಚಳದ ಕೆಳಗೆ ಮೂರು ತುಂಡಿದೆ, 7 ನ್ಯಾನೊಮೀಟರ್ ತಯಾರಿಕೆಯ 8 ಕೋರಿನ ಚಿಪ್ಲೆಟ್ (ಪುಟ್ಟ ಸಿಲಿಕಾನ್ ತುಂಡು) ಎರಡು, ಜೊತೆಗೆ ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಥರದ್ದನ್ನ ಜೋಡಿಸೋ ಪಿಸಿಐಇ ನೋಡ್ಕೊಳ್ಳೋಕೆ ಹಳೇ 12 ನ್ಯಾನೊಮೀಟರ್ ತಯಾರಿಕೆಯ ಐಒ ಡೈ ಅನ್ನೋ ತುಂಡು ಒಂದು.

ಮೊದಲ್ನೇ ದಿನದ ನನ್ನ ಪೆದ್ದುತನ ಕೇಳಿ. ಪೇಸ್ಟ್ ಹಚ್ಚಿ ಕೂಲರ್ ಕೂರ್ಸಿ ಆನ್ ಮಾಡಿದ್ರೆ ಫ್ಯಾನ್ ತಿರುಗ್ತಿದೆ ಸ್ಕ್ರೀನ್ ಮಾತ್ರ ಕಪ್ಪು, ರ್‍ಯಾಮ್ ತೆಗ್ದೆ ಹಾಕ್ದೆ, ಬಯೋಸ್ ಬ್ಯಾಟರಿ ಕಿತ್ತೆ, ಅರ್ಧ ಗಂಟೆ ಒದ್ದಾಡಿದ್ಮೇಲೆ ನೋಡ್ತೀನಿ, ಸ್ಕ್ರೀನಿನ ಕೇಬಲ್ ಇನ್ನೂ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಮದರ್‌ಬೋರ್ಡಿಗೇ ಚುಚ್ಚಿದೆ. ಈ ಚಿಪ್ಪಲ್ಲಿ ಗ್ರಾಫಿಕ್ಸೇ ಇಲ್ವಲ್ಲ ಮಾರಾಯ್ರೇ!

ಲಿನಕ್ಸ್ ಕರ್ನಲ್ ಕಂಪೈಲ್ (ಕೋಡನ್ನ ಓಡೋ ಪ್ರೋಗ್ರಾಂ ಮಾಡೋದು) ಹೆಚ್ಚುಕಮ್ಮಿ ಅರ್ಧ ಟೈಮಲ್ಲಿ ಮುಗಿಯುತ್ತೆ, ಅದ್ರಲ್ಲಿ ಎರಡು ಮಾತಿಲ್ಲ. ಒಂದೊಂದು ಫೈಲೂ ತನ್ನ ಪಾಡಿಗೆ ಕಂಪೈಲ್ ಆಗ್ತಿರುತ್ತೆ, ಕೋರ್‌ಗಳು ಒಂದ್ರ ಜೊತೆ ಇನ್ನೊಂದು ಮಾತಾಡೋ ಪ್ರಸಂಗವೇ ಕಮ್ಮಿ. ಬಣ್ಣ ಬಯಲಾಗಿದ್ದು ನಾನೇ ಬರೆದ ಒಂದು ಪ್ರೋಗ್ರಾಂನಲ್ಲಿ, ಅದ್ರಲ್ಲಿ ಎಲ್ಲಾ ಥ್ರೆಡ್ಡೂ (ಒಟ್ಟೊಟ್ಟಿಗೆ ಓಡೋ ಕೆಲಸದ ಎಳೆಗಳು) ಒಂದೇ ಎಣಿಕೆಯ ಕೌಂಟರಿಗೆ ಬಡಿದಾಡ್ತವೆ. 16 ಥ್ರೆಡ್ ಬಿಟ್ರೆ ತೆವಳುತ್ತೆ, ಯಾವ ಕೋರಲ್ಲಿ ಓಡ್ಬೇಕು ಅಂತ ಹೇಳೋ ಟಾಸ್ಕ್‌ಸೆಟ್ ಕಮಾಂಡ್ ಹಾಕಿ 8 ಥ್ರೆಡ್ಡನ್ನ ಒಂದೇ ಚಿಪ್ಲೆಟ್‌ಗೆ ಕಟ್ಟಿಹಾಕಿದ್ರೆ ಓಡುತ್ತೆ. ಯಾಕಂದ್ರೆ ಒಂದೇ ಚಿಪ್ಲೆಟ್ ಒಳಗೆ ಕೋರಿಂದ ಕೋರಿಗೆ 20 ನ್ಯಾನೊಸೆಕೆಂಡ್ ಆಸುಪಾಸು, ಆಚೆ ಚಿಪ್ಲೆಟ್‌ಗೆ ಹೋಗ್ಬೇಕಂದ್ರೆ ಐಒ ಡೈ ಸುತ್ತಾಕ್ಕೊಂಡು 80ರ ಹತ್ರ. ಕೋಡ್ ಬರ್ದಿದ್ದು ನಾನು, ಚಿಪ್ಪನ್ನ ಬೈದು ಪ್ರಯೋಜನ ಇಲ್ಲ. ಎಲ್3 ಕ್ಯಾಶ್ (ಚಿಪ್ಪೊಳಗಿನ ವೇಗದ ಮೆಮೊರಿ) 64 ಎಂಬಿ ಅಂತಾರೆ, ಅದೂ 32 ಆಕಡೆ 32 ಈಕಡೆ, ಆದ್ರೂ ಆ ಅರ್ಧವೇ 5700ಜಿಯ 16 ಎಂಬಿಗಿಂತ ಡಬಲ್ ಆಯ್ತಲ್ಲ.

ಹಿಂಗೆ ತುಂಡು ತುಂಡು ಮಾಡೋದ್ಯಾಕೆ ಅಂದ್ರೆ, ಸಿಲಿಕಾನ್ ದೊಡ್ಡದಾದಷ್ಟೂ ಎಲ್ಲೋ ಒಂದು ಕಡೆ ದೋಷ ಸಿಕ್ಕಾಕ್ಕೊಳ್ಳೋದು ಜಾಸ್ತಿ, ಸುಮಾರು 80 ಚದರ ಮಿಲಿಮೀಟರಿನ ಚಿಪ್ಲೆಟ್ ಒಂದು ಹೋದ್ರೆ ಹೋಗೋದು ಅಷ್ಟೇ. ಅದೇ ಚಿಪ್ಲೆಟ್ 8 ಸೇರಿಸಿ 64 ಕೋರಿನ ಎಪಿಕ್ ಸರ್ವರ್ ಚಿಪ್ಪೂ ಮಾಡ್ತಾರೆ. 2017ರಲ್ಲಿ ಇಂಟೆಲ್ ಇದನ್ನ ಗೋಂದು ಹಾಕಿ ಅಂಟಿಸಿದ್ದು ಅನ್ನೋ ಥರ ಆಡ್ಕೊಂಡಿತ್ತು, 2007ರ ತಮ್ಮದೇ ಕೋರ್ 2 ಕ್ವಾಡ್ ಕ್ಯೂ6600 ಎರಡು ಡ್ಯುಯಲ್ ಕೋರ್ ತುಂಡು ಸೇರಿಸಿದ್ದು ಅನ್ನೋದು ಮರ್ತೇ ಹೋಗಿತ್ತೇನೋ.

ನಾಲ್ಕು ಸ್ಟಾರ್. ಕಂಪೈಲು ರೆಂಡರು ಮಾಡೋರು ಕಣ್ಮುಚ್ಚಿ ತಗೊಳ್ಳಿ. ಸುಮ್ನೆ ಆನ್ ಆಗಿ ಕೂತಿರೋ ಮಷೀನಿಗೆ ಬೇಡ, ಕೆಲ್ಸ ಇಲ್ದಿದ್ರೂ ಐಒ ಡೈ ಮತ್ತೆ ಮಧ್ಯದ ಲಿಂಕು ಕರೆಂಟ್ ತಿಂತಾನೇ ಇರುತ್ತೆ. ನನ್ನ 5700ಜಿ ಈಗ ಇಪ್ಪತ್ನಾಕು ಗಂಟೆ ಓಡೋ ಫೈಲ್ ಸರ್ವರಲ್ಲಿದೆ, ಅದ್ರ ಕೇಬಲ್ ಮಾತ್ರ ಮದರ್‌ಬೋರ್ಡಿಗೇ ಚುಚ್ಚಿದೀನಿ.