ಪಾರ್ಕಿನ್ಸನ್ ಇರುವ ಹಿರಿಯರಿಗೆ: ಹಗಲು ಬಂದುಹೋಗುವ ಸಹಾಯಕರೋ, ಮನೆಯಲ್ಲೇ ಉಳಿಯುವವರೋ?

ಮೊದಲು ಒಂದು ವಾರ ಗಮನಿಸಿ. ಕಷ್ಟ ಜಾಸ್ತಿ ಆಗುವುದು ಹಗಲಲ್ಲೋ, ರಾತ್ರಿಯಲ್ಲೋ? ಅದನ್ನು ನೋಡಿಯೇ ಆರಿಸಿ.

ಸ್ನಾನ, ವ್ಯಾಯಾಮ, ಊಟಕ್ಕೆ ಹಗಲು ಬರುವವರು ಸಾಕು. ಖರ್ಚೂ ಕಡಿಮೆ. ಆದರೆ ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಎಂಬ ಔಷಧದ ಬೆಳಗಿನ ಮೊದಲ ಮಾತ್ರೆ ಹಲವರಿಗೆ ಅವರು ಬರುವ ಮುಂಚೆಯೇ ಬೇಕಾಗುತ್ತದೆ. ಹೊತ್ತು ತಪ್ಪಿದರೆ ಕೈಕಾಲು ಬಿಗಿಯುತ್ತವೆ. ಬೇಳೆ, ಮೊಟ್ಟೆ, ಹಾಲಿನ ಪ್ರೋಟೀನ್ ಕೆಲವರಲ್ಲಿ ಮಾತ್ರೆಯ ಪರಿಣಾಮ ತಗ್ಗಿಸುತ್ತದೆ. ಹಾಗಾಗಿ ಸಾಮಾನ್ಯವಾಗಿ ತಿಂಡಿಗೆ ಅರ್ಧ ಗಂಟೆ ಮೊದಲೇ ಕೊಡುತ್ತಾರೆ. ಈ ಹೊಣೆ ಮನೆಯವರದ್ದೇ.

ರಾತ್ರಿ ಮಗ್ಗುಲು ಬದಲಿಸಲು ಆಗದಿದ್ದರೆ, ಮೂರ್ನಾಲ್ಕು ಸಲ ಬಾತ್‌ರೂಮಿಗೆ ಏಳುತ್ತಿದ್ದರೆ, ಮನೆಯಲ್ಲೇ ಉಳಿಯುವವರು ಬೇಕು. ಇಲ್ಲದ್ದು ಕಂಡಂತಾಗಿ ಹೆದರುತ್ತಿದ್ದರೂ ಅಷ್ಟೇ. ಅದನ್ನು ವೈದ್ಯರಿಗೂ ಹೇಳಿ. ಇಲ್ಲಿ ಖರ್ಚು ಜಾಸ್ತಿ. ಅವರಿಗೂ ನಿದ್ದೆ ಬೇಕು ಅಲ್ವಾ? ಒಬ್ಬರನ್ನೇ ಹಗಲೂ ರಾತ್ರಿ ದುಡಿಸಬೇಡಿ.

ಯಾರೇ ಬರಲಿ, ಒಂದು ಪ್ರಶ್ನೆ ಕೇಳಿ: ಬಾಗಿಲ ಹತ್ತಿರ ಅಪ್ಪನ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ಏನು ಮಾಡ್ತೀರಿ? "ಕೈ ಹಿಡಿದು ಎಳೀತೀನಿ" ಅಂದರೆ ನನಗೆ ಭಯ, ಬಿದ್ದೇ ಬೀಳುತ್ತಾರೆ. ಸ್ವಲ್ಪ ನಿಲ್ಲಿಸಿ, "ಒಂದು, ಎರಡು" ಎಂದು ಎಣಿಸುತ್ತಾ ಹೆಜ್ಜೆ ಹಾಕಿಸುವವರನ್ನೇ ನಾನು ಆರಿಸುತ್ತೇನೆ, ಸಂಬಳ ಸ್ವಲ್ಪ ಜಾಸ್ತಿ ಕೇಳಿದರೂ.